ಎಂಜಿನ್ನಿಗೆ ಇಟ್ಟ ಬೊಟ್ಟು

ದೋಣಿ ಕೆರೆಯಲ್ಲಿತ್ತು, ಅದರ ಎಂಜಿನ್ನು ಎರಡು ತಿಂಗಳು ನಮ್ಮ ಹಿತ್ತಿಲಲ್ಲಿತ್ತು. ನೀರು ತುಂಬಿದ ಡ್ರಮ್ಮಿನ ಅಂಚಿಗೆ ಅದನ್ನು ಬಿಗಿದು, ಕೆಳಗಿನ ರೆಕ್ಕೆಗಳನ್ನು ನೀರಿನಲ್ಲಿ ಮುಳುಗಿಸಿ, ನಮ್ಮ ಯಜಮಾನರು ಅದನ್ನು ಸ್ಟಾರ್ಟ್ ಮಾಡಲು ಬೆಳಗಿನಿಂದ ಹಗ್ಗ ಎಳೆಯುತ್ತಿದ್ದರು. ಡ್ರಮ್ಮಿಗೆ ಹನ್ನೆರಡು ಬಿಂದಿಗೆ ನೀರು ಹಿಡಿಯುತ್ತಿತ್ತು. ಸೇದಿ ಹೊತ್ತವಳು ನಾನು. ಆ ವರ್ಷ ಬಾವಿ ಬತ್ತಲಿಲ್ಲ, ಅಷ್ಟು ದಯೆ ದೇವರು ತೋರಿಸಿದ.

ಎಂಬತ್ತರ ದಶಕದ ಶುರುವಿನ ಮಾತು ಇದು. ನಮ್ಮದು ವರ್ತೂರಿಗೆ ಹತ್ತಿರದ ಹಳ್ಳಿ. ಇವರು ವೈಟ್‌ಫೀಲ್ಡ್ ಕಡೆಯ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರದ ಮೇಲೆ ಕೆಲಸಕ್ಕಿದ್ದರು. ಒಂದು ದಿನ ಆ ಯಂತ್ರ ಇವರ ಬಲಗೈಯ ಎರಡು ಬೆರಳು ತೆಗೆದುಕೊಂಡಿತು. ಹೆಬ್ಬೆರಳು ಉಳಿದಿತ್ತು, ಅನ್ನ ಕಲಸಿ ತಿನ್ನಲು ತೊಂದರೆಯಾಗಲಿಲ್ಲ. ಅದಕ್ಕೂ ನಾನು ಕೈ ಮುಗಿದೆ. ಆದರೆ ಆಮೇಲೆ ಯಾವ ಗೇಟಿಗೆ ಹೋದರೂ ಮೊದಲು ಕೈ ನೋಡುತ್ತಿದ್ದರು, ಆಮೇಲೆ ಮುಖ. ಪೀಣ್ಯದವರೆಗೂ ಹೋಗಿ ಬಂದರು. ಒಂದು ವರ್ಷ ಹಾಗೇ ಕಳೆಯಿತು.

ಆಗ ನಮ್ಮೂರ ಮೀನಿನ ಸಂಘಕ್ಕೆ ಎಲ್ಲಿಂದಲೋ ಒಂದು ಹಳೆಯ ಮೋಟಾರು ದೋಣಿ ಬಂತು. ಕೆರೆಯ ಜೊಂಡು ಎಳೆದು ಹಾಕಲು, ಮೀನುಮರಿ ಬಿಡಲು ಅದು ಬೇಕಾಗಿತ್ತು. ಆದರೆ ಎಂಜಿನ್ನು ಉಸಿರೇ ಎತ್ತುತ್ತಿರಲಿಲ್ಲ. ಸಂಘದ ಅಧ್ಯಕ್ಷರು ನಮ್ಮ ಜಗುಲಿಗೇ ಬಂದು ಇವರನ್ನು ಕರೆದರು. ಎಂಜಿನ್ನು ಸರಿಮಾಡಬೇಕು, ಮೇಲಿನ ಸಾಹೇಬರು ನೋಡಲು ಬಂದ ದಿನ ಈ ಏರಿಯಿಂದ ಆಚೆ ದಡಕ್ಕೆ ಹೋಗಿ ಎಲ್ಲೂ ನಿಲ್ಲದೆ ವಾಪಸು ಬರಬೇಕು. ಹಾಗಾದರೆ ದೋಣಿ ನಡೆಸುವ ಕೆಲಸ ಇವರದೇ, ತಿಂಗಳ ಸಂಬಳದ್ದು. ಕೈ ನೋಡದೆ ಇವರಿಗೆ ಕೆಲಸ ಕೊಡುತ್ತೇನೆಂದವರು ಅವರೊಬ್ಬರೇ.

ಎಂಜಿನ್ನು ಮನೆಗೆ ಬಂದದ್ದು ಆಯುಧಪೂಜೆಯ ವಾರ. ನನಗೆ ಅದು ಶುಭವಾಗಿ ಕಂಡಿತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಸೇವಂತಿಗೆ ಇಟ್ಟು, ನಿಂಬೆಹಣ್ಣು ಕೊಯ್ದು ಪೂಜೆ ಮಾಡಿದೆ. ಎಂಜಿನ್ನಿನ ತಲೆಯ ಮೇಲೇ ಪೆಟ್ರೋಲ್ ಟ್ಯಾಂಕು. ಅದರ ಮುಚ್ಚಳದ ನಡುವೆ ಒಂದು ಸಣ್ಣ ಕುಳಿ ಇತ್ತು, ಬೊಟ್ಟು ಇಡಲೆಂದೇ ಮಾಡಿದ ಹಾಗೆ. ಜಿಡ್ಡಿನ ಮೇಲೆ ಬರೀ ಕುಂಕುಮ ನಿಲ್ಲುವುದಿಲ್ಲವೆಂದು ಗಂಧ ತೇಯ್ದು, ಅರಿಶಿನ ಸೇರಿಸಿ ಗಟ್ಟಿಯಾಗಿ ಕಲಸಿ ಆ ಕುಳಿಗೆ ಒತ್ತಿ, ಅದರ ಮೇಲೆ ಕುಂಕುಮ ಇಟ್ಟೆ. ಅಲ್ಲಿಂದ ಮುಂದೆ ಪ್ರತಿ ಮಂಗಳವಾರ, ಶುಕ್ರವಾರ ಇಡುತ್ತಿದ್ದೆ. ಹಳೆಯದನ್ನು ಒರೆಸುತ್ತಿರಲಿಲ್ಲ. ದೇವರಿಗೆಂದು ಇಟ್ಟ ಬೊಟ್ಟನ್ನು ಕೈಯಾರೆ ಅಳಿಸುವುದು ಹೇಗೆ? ಅದರ ಮೇಲೇ ಇಡುತ್ತಿದ್ದೆ.

ಇವರು ದೋಣಿಯ ಎಂಜಿನ್ನು ಮುಟ್ಟಿದ್ದು ಅದೇ ಮೊದಲು. ಆದರೂ ಒಂದೊಂದಾಗಿ ಬಿಚ್ಚಿದರು. ಟ್ಯಾಂಕಿನ ತಳದಲ್ಲಿ ನೀರು ಸೇರಿಕೊಂಡಿತ್ತು, ಚೆಲ್ಲಿದರು. ಹೊಸ ಪೆಟ್ರೋಲನ್ನು ನನ್ನ ಹಳೆಯ ಸೀರೆಯ ತುಂಡಿನಲ್ಲಿ ಸೋಸಿದರು. ಕಾರ್ಬೊರೇಟರಿನ ಕೂದಲೆಳೆಯಂಥ ತೂತುಗಳನ್ನು ನನ್ನ ಹೊಲಿಗೆ ಸೂಜಿಯಿಂದ ಬಿಡಿಸಿದರು. ಕಿಡಿ ಹಾರಿಸುವ ಪ್ಲಗ್ಗನ್ನು ತೊಳೆದು, ಉಜ್ಜಿ, ಒಲೆಯ ಮೇಲೆ ಬಾಣಲೆಯಲ್ಲಿ ಕಾಯಿಸಿದರು.

"ರೀ, ಅದ್ರಲ್ಲೇ ನಾಳೆ ಒಗ್ಗರಣೆ ಹಾಕ್ಬೇಕು ನಾನು," ಎಂದೆ.

"ಹಾಕು. ತಿಂದು ನಾನೇ ಸ್ಟಾರ್ಟ್ ಆಗ್ತೀನಿ," ಎಂದರು.

ಒಂದು ಶುಕ್ರವಾರ ಎಂಜಿನ್ನು ನಿಜಕ್ಕೂ ಸ್ಟಾರ್ಟ್ ಆಯಿತು. ಡ್ರಮ್ಮಿನ ನೀರು ಕುದಿದ ಹಾಗೆ ಎದ್ದು ನಮ್ಮಿಬ್ಬರನ್ನೂ ತೋಯಿಸಿತು. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಐದಾರು ನಿಮಿಷ ಓಡಿ ಅದು ಕೆಮ್ಮಿತು, ನಿಂತಿತು. ಎಷ್ಟು ಎಳೆದರೂ ಇಲ್ಲ. ಪೆಟ್ರೋಲ್ ಮುಗಿಯಿತೋ ಏನೋ ಎಂದು ಇವರು ಮುಚ್ಚಳ ತೆಗೆದು ಬಗ್ಗಿ ನೋಡಿದರು. ನನ್ನ ಬೊಟ್ಟು ಕೆಡಬಾರದೆಂದು ಅಂಚು ಹಿಡಿದು ತಿರುಗಿಸುತ್ತಿದ್ದರು, ಪಾಪ. ಪೆಟ್ರೋಲ್ ಇತ್ತು. ಅಷ್ಟರಲ್ಲಿ ನಾನು ಒಳಗೆ ಹೋಗಿ ದೇವರ ಮುಂದೆ ಒಂದು ಊದುಬತ್ತಿ ಹಚ್ಚಿ ಬಂದೆ. ಮುಚ್ಚಳ ಹಾಕಿ ಎಳೆದರೆ ಮತ್ತೆ ಸ್ಟಾರ್ಟ್ ಆಯಿತು.

ಆಮೇಲೆ ಎಷ್ಟು ದಿನ ನೋಡಿದರೂ ಹೀಗೇ. ಓಡುವುದು, ನಿಲ್ಲುವುದು, ಇವರು ಮುಚ್ಚಳ ತೆಗೆದು ನೋಡುವುದು, ನಾನು ಊದುಬತ್ತಿ ಹಚ್ಚುವುದು, ಮತ್ತೆ ಓಡುವುದು. ಊದುಬತ್ತಿಯಿಂದಲೇ ಓಡುತ್ತಿದೆಯೆಂದು ನಾನು ನಂಬಿದ್ದೆ. ಇವರು ಪ್ಲಗ್ಗಿನ ಮೇಲೆ ಅನುಮಾನಪಟ್ಟು ಮತ್ತೆ ಕಾಯಿಸುತ್ತಿದ್ದರು.

ಸಾಹೇಬರು ಬರುವ ದಿನ ಬೆಳಿಗ್ಗೆ ಎಂದಿಗಿಂತ ದಪ್ಪವಾಗಿ ಗಂಧ ಕಲಸಿ ಬೊಟ್ಟು ಇಟ್ಟು ಕಳಿಸಿದೆ.

ಏರಿಯ ಮೇಲೆ ಹೆಂಗಸರ ಜೊತೆ ನಾನೂ ನಿಂತಿದ್ದೆ. ಮೊದಲ ಎಳೆತಕ್ಕೇ ಎಂಜಿನ್ನು ಸ್ಟಾರ್ಟ್ ಆಯಿತು. ಇವರು, ಅಧ್ಯಕ್ಷರು, ಸಾಹೇಬರು ಮೂವರೂ ಹೊರಟರು. ಕೆರೆಯ ನಡುವೆ ಹೋಗುವಷ್ಟರಲ್ಲಿ ಸದ್ದು ಕುಗ್ಗಿತು, ಆಮೇಲೆ ಏನೂ ಕೇಳಲಿಲ್ಲ. ಇವರ ತೋಳು ಹಿಂದಕ್ಕೆ ಹೋಗುವುದು, ಮುಂದಕ್ಕೆ ಬರುವುದು ಮಾತ್ರ ಕಾಣುತ್ತಿತ್ತು. ಸಾಹೇಬರು ದೋಣಿಯಲ್ಲೇ ಸಿಗರೇಟು ಹಚ್ಚಿದ್ದರಂತೆ. ಬೆಂಕಿಯ ಎದುರು ಪೆಟ್ರೋಲ್ ಮುಚ್ಚಳ ತೆಗೆಯುವುದು ಹೇಗೆಂದು ಇವರು ತೆಗೆಯಲಿಲ್ಲ. ಆರಿಸಿ ಎಂದು ಹೇಳಲು ಬಾಯಿಯೂ ಬರಲಿಲ್ಲ. ಬಿಸಿಲಿನಲ್ಲಿ ಬಹಳ ಹೊತ್ತು ಕೂತ ಮೇಲೆ ಮೀನು ಹಿಡಿಯುವವರ ತೆಪ್ಪ ಹೋಗಿ ಹಗ್ಗ ಕಟ್ಟಿ ಎಳೆದು ತಂದಿತು.

ದಡದಲ್ಲಿ ಅಧ್ಯಕ್ಷರು ಕೂಗಾಡಲಿಲ್ಲ. ಎಲ್ಲರಿಗೂ ಕೇಳುವಂತೆ ಮೆಲ್ಲಗೇ ಹೇಳಿದರು: "ಓಗ್ಲಿ ಬಿಡಪ್ಪಾ. ಬೆರಳಿಲ್ದೋನ ಕೈಗೆ ಹಗ್ಗ ಕೊಟ್ಟಿದ್ದು ನನ್ ತಪ್ಪು."

ಇವರು ಆ ಕೈಯನ್ನು ಪಂಚೆಯ ಮಡಿಕೆಯೊಳಗೆ ಇಟ್ಟುಕೊಂಡರು.

ವಾರದೊಳಗೆ ಹೊಸೂರು ಕಡೆಯ ಒಬ್ಬ ಮೆಕ್ಯಾನಿಕ್ಕು ಬಂದ. ಸಂಘದ ಸ್ಪ್ಯಾನರುಗಳನ್ನು ಒಪ್ಪಿಸಲು ಹೋದ ಇವರು ಬೇಗನೆ ವಾಪಸಾದರು. ಎಂಜಿನ್ನು ಓಡಿತಾ ಎಂದು ಕೇಳಿದೆ. ಓಡಿತು, ನಿಲ್ಲಲೇ ಇಲ್ಲ ಎಂದರು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಗೆಂದು ಒಂದು ತೂತು ಇರುತ್ತದಂತೆ. ಅದು ಮುಚ್ಚಿಕೊಂಡರೆ ಪೆಟ್ರೋಲ್ ಕೆಳಗೆ ಇಳಿಯುವುದಿಲ್ಲವಂತೆ. ಮುಚ್ಚಳ ತೆಗೆದಾಗ ಗಾಳಿ ಒಳಗೆ ಹೋಗಿ ಮತ್ತೆ ಸ್ವಲ್ಪ ಹೊತ್ತು ಓಡುತ್ತದಂತೆ. ಆತ ಬಂದವನೇ ಒಂದು ಪಿನ್ನು ಹಾಕಿ ಬಿಡಿಸಿದನಂತೆ.

"ತೂತಲ್ಲಿ ಏನಿತ್ತು ರೀ?" ಎಂದು ಕೇಳಿದೆ.

ಇವರು ಚೊಂಬಿನ ನೀರು ಪೂರ್ತಿ ಕುಡಿದು ಕೆಳಗಿಟ್ಟರು. "ಮಣ್ಣು," ಎಂದರು.

ಆ ಮಾತನ್ನು ನಾನು ಹಾಗೇ ಬಿಟ್ಟೆ. ಅಧ್ಯಕ್ಷರ ಮನೆಗೆ ಹೋಗಿ, ತಪ್ಪು ಆ ಕೈಯದಲ್ಲ, ನನ್ನದು ಎಂದು ಹೇಳಬಹುದಿತ್ತು. ಅವರ ಮನೆ ನಮ್ಮ ಬೀದಿಯಲ್ಲೇ ಇತ್ತು. ನಾನು ಹೋಗಲಿಲ್ಲ. ಬೆರಳಿಲ್ಲದ್ದಕ್ಕೆ ದೋಣಿ ಕೈತಪ್ಪಿತು ಎಂದೇ ಊರಿನವರು ಇಂದಿಗೂ ಹೇಳುತ್ತಾರೆ. ಇವರು ಒಂದು ಸಲವೂ ಅಲ್ಲವೆನ್ನಲಿಲ್ಲ. ನನಗೆ ಸಿಕ್ಕ ದಯೆಗಳ ಲೆಕ್ಕದಲ್ಲಿ ಅದು ದೊಡ್ಡದು. ಅದನ್ನು ನೆನೆದು ಕೈ ಮುಗಿಯಲು ಮಾತ್ರ ನನ್ನಿಂದ ಆಗುವುದಿಲ್ಲ.

ಕೊನೆಗೆ ಇವರಿಗೆ ಸಿಕ್ಕಿದ್ದು ಮಾದನಾಯಕನಹಳ್ಳಿಯ ಒಂದು ಗೋಡೌನಿನ ಕಾವಲು. ಊರಿನಿಂದ ಮೂರು ಬಸ್ಸು. ಅಲ್ಲೇ ಶೆಡ್ಡಿನಲ್ಲಿ ಮಲಗಿ, ಭಾನುವಾರ ಬಂದು ಊಟ ಮಾಡಿ ಹೊರಡುತ್ತಿದ್ದರು. ಡ್ರಮ್ಮು ಹಿತ್ತಿಲಲ್ಲಿ ತುಕ್ಕು ಹಿಡಿಯುತ್ತಿತ್ತು.

ಮುಂದಿನ ಆಯುಧಪೂಜೆಗೆ ಒಂದು ದಿನದ ರಜೆ ಸಿಕ್ಕಿತು. ತಮ್ಮ ಆಯುಧವೆಂದು ಒಂದು ಟಾರ್ಚು, ಒಂದು ಬಿದಿರ ಕೋಲು ತಂದು ದೇವರ ಮುಂದೆ ಇಟ್ಟರು. ನಾನು ಕುಂಕುಮದ ಬಟ್ಟಲು ಹಿಡಿದು ಸುಮ್ಮನೆ ಕೂತಿದ್ದೆ.

"ಇಡೇ," ಎಂದರು, ಬೇಸರವಿಲ್ಲದೆ. "ಧಾರಾಳವಾಗಿ ಇಡು. ಕೋಲಲ್ಲಿ ತೂತಿಲ್ಲ."

ಕೋಲಿಗೆ ಇಟ್ಟೆ. ಟಾರ್ಚಿಗೆ ಇಡಲಿಲ್ಲ.