ಹೆಣ್ಣುಹಂದಿಯ ಬಯಕೆ ಹೋಳಿಗೆ

ಆ ಮಧ್ಯಾಹ್ನ ಇನ್ನೂ ಕಣ್ಣ ಮುಂದಿದೆ. ಹರಿಹರದ ಹೊರಗೆ, ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ, ಚೊಚ್ಚಲ ಬಸುರಿನ ನಮ್ಮ ಹೆಣ್ಣುಹಂದಿ ಎರಡು ಮರಿ ಹಾಕಿ ನಿಲ್ಲಿಸಿಬಿಟ್ಟಿತ್ತು. ಗಂಟೆ ಕಳೆದರೂ ಮೂರನೆಯದು ಬರಲಿಲ್ಲ. ಮಲಗಿದಲ್ಲೇ ಏದುಸಿರು ಬಿಡುತ್ತಿತ್ತು, ತಿಣುಕಲೂ ಶಕ್ತಿಯಿರಲಿಲ್ಲ.

ತಪ್ಪು ನಮ್ಮದೇ. ಗಬ್ಬವಾದಾಗಿನಿಂದ ಅತ್ತೆ ಅದನ್ನು ತವರಿಗೆ ಬಂದ ಬಸುರಿ ಮಗಳಂತೆ ನೋಡಿಕೊಂಡಿದ್ದರು. ದಾವಣಗೆರೆಯ ಸರಸ್ವತಿ ನಗರದ ಕಡೆಯ ಕಲ್ಯಾಣ ಮಂಟಪಗಳಲ್ಲಿ ಉಳಿದ ಊಟವನ್ನು ನನ್ನ ಗಂಡ ಡ್ರಮ್ಮಿನಲ್ಲಿ ತರುತ್ತಿದ್ದರು. ಕುದಿಸಿ ಎಲ್ಲ ಹಂದಿಗಳಿಗೂ ಹಾಕುತ್ತಿದ್ದೆವು. ಅತ್ತೆ ಮಾತ್ರ ಹೋಳಿಗೆ, ಲಾಡುಗಳನ್ನು ಆರಿಸಿ, ಬೇರೆಯಾಗಿ ಕುದಿಸಿ ಇದಕ್ಕೆ ಕೊಡುತ್ತಿದ್ದರು. ಬಯಕೆ ತೀರಿಸದಿದ್ದರೆ ಹುಟ್ಟುವ ಮರಿಯ ಕಿವಿ ಸೋರುತ್ತದೆಂಬ ನಂಬಿಕೆ ಅವರದು. ಬಿ.ಎಸ್ಸಿ. ಓದಿದ ನಾನೂ ತಡೆಯಲಿಲ್ಲ. ಅದರ ಬೆನ್ನು ದುಂಡಗಾಗುವುದನ್ನು ನೋಡಿ ಹಿಗ್ಗಿದ್ದೆ.

ಫೋನ್ ಮಾಡಿದಾಗ ಪಶು ಆಸ್ಪತ್ರೆಯ ಡಾಕ್ಟರಮ್ಮ ದಾವಣಗೆರೆಯಲ್ಲಿದ್ದರು. ರೈಲ್ವೆ ಗೇಟ್ ಹಾಕಿದೆ ಎಂದು ದಾರಿಯಲ್ಲಿ ತಿಳಿಸಿದರು. ಆ ಕಾಯುವಿಕೆಯೇ ಈಗಲೂ ಮತ್ತೆ ಮತ್ತೆ ನೆನಪಿಗೆ ಬರುತ್ತದೆ. ಬಂದವರೇ ಕೈಗವಸು ತೊಟ್ಟು, ಅಡ್ಡ ಸಿಕ್ಕಿಕೊಂಡಿದ್ದ ಮರಿಯನ್ನು ಎಳೆದರು. ಅದು ಸತ್ತಿತ್ತು. ಇಂಜೆಕ್ಷನ್ ಕೊಟ್ಟ ಮೇಲೆ ಇನ್ನೊಂದು ಚೀರುತ್ತಲೇ ಬಂತು. ಸಂಜೆಯೊಳಗೆ ಒಟ್ಟು ಒಂಬತ್ತು ಜೀವಂತ ಮರಿಗಳು.

ಏನು ತಿನ್ನಿಸುತ್ತಿದ್ದಿರಿ ಎಂದು ಡಾಕ್ಟರಮ್ಮ ಕೇಳಿದರು. “ಎರಡು ಜೀವ ಐತಲ್ಲ ಅಂತ ಹೋಳಿಗಿ ಹಾಕಿದ್ನಿರಿ,” ಎಂದರು ಅತ್ತೆ, ಮೆಲ್ಲಗೆ.

“ಎರಡಲ್ಲಮ್ಮ, ಹತ್ತು ಮರಿ, ತಾಯಿ ಒಂದು. ಆದ್ರೂ ಹೋಳಿಗಿ ಬ್ಯಾಡ.”

ಆಮೇಲೆ ಡಾಕ್ಟರಮ್ಮ ವಿವರಿಸಿದರು. ಗಬ್ಬದಲ್ಲಿ ಕೊಬ್ಬಿದ ಹಂದಿ ಹೆರುವಾಗ ಬೇಗ ಸುಸ್ತಾಗುತ್ತದೆ. ಹೆತ್ತ ಮೇಲೆ ಹಸಿವೂ ಸತ್ತಿರುತ್ತದೆ. ತಿನ್ನದಿದ್ದರೆ ಮೈಯನ್ನೇ ಕರಗಿಸಿ ಹಾಲು ಕೊಡುತ್ತದೆ, ಕ್ರಮೇಣ ಹಾಲೂ ಕಡಿಮೆಯಾಗುತ್ತದೆ, ಮುಂದೆ ಬೆದೆಗೂ ಬರುವುದಿಲ್ಲ. ಗಬ್ಬದಲ್ಲಿ ಅಳತೆ, ಹಾಲೂಡುವಾಗ ಹೊಟ್ಟೆತುಂಬ. ನಾವು ತಿರುವುಮುರುವು ಮಾಡಿದ್ದೆವು.

ಎರಡು ದಿನ ಅದು ಬಾನಿಯ ಕಡೆ ಮುಖ ಮಾಡಲಿಲ್ಲ. ಮೂರನೆಯ ಬೆಳಿಗ್ಗೆ ಅತ್ತೆ ಶೆಡ್ಡಿನಿಂದ ಕೂಗಿದರು: “ಬಾರವ್ವ, ತಿಂತಾ ಐತೆ.” ಓಡಿದೆ. ತೌಡು, ಜೋಳದ ನುಚ್ಚಿನ ಗಂಜಿಯಲ್ಲಿ ಮೂತಿ ಅದ್ದಿ ನಿಂತಿತ್ತು. ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತು, ಬಾನಿ ಖಾಲಿಯಾಗುವವರೆಗೂ ನೋಡಿದೆ.

ಮರಿಗಳಿಗೆ ಹಾಲು ಬಿಡಿಸಿದ ವಾರದೊಳಗೆ ಅದು ಬೆದೆಗೆ ಬಂತು. ಈಗ ಮತ್ತೆ ಗಬ್ಬ. ಮೇವು ಅಳೆಯುವ ಡಬ್ಬಿಗೆ ಗೆರೆ ಹಾಕಿಟ್ಟಿದ್ದೇನೆ, ಅಷ್ಟೇ ಊಟ. ನಿನ್ನೆ ಅತ್ತೆ ಸೆರಗಿನಲ್ಲಿ ಕೈ ಒರೆಸುತ್ತ ಕೇಳಿದರು, “ಅರ್ಧ ಹೋಳಿಗಿನಾದ್ರೂ?”

ನಾನು ಡಬ್ಬಿಯನ್ನೇ ಅವರ ಕೈಗಿಟ್ಟೆ. ಗೆರೆಗೆ ಸರಿಯಾಗಿ ಅಳೆದು ಹಾಕಿದರು.