ಶೇಷಪ್ಪ ಮಾಸ್ಟ್ರ ಹಲ್ಲಿನ ಪಾಠ

ಮೊನ್ನೆ ಪುತ್ತೂರಿನಲ್ಲಿ ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಲವಂಗದೆಣ್ಣೆಯ ವಾಸನೆ ಕುಡಿಯುತ್ತಾ ಕುಳಿತಿದ್ದೆ. ನನ್ನ ಮೇಲಿನ ಸಾಲಿನ ಹಲ್ಲು ಪೂರ್ತಿ ಹೋಗಿ, ಕಟ್ಟಿಸಿದ ಹಲ್ಲಿನ ಹೊಸ ಸೆಟ್ಟು ಅಂದು ಸಿಗುವುದಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದೆ. ಈ ವಯಸ್ಸಿನಲ್ಲಿ ನಿಮ್ಮ ಬಾಯಿ ಯಾರು ನೋಡುತ್ತಾರೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ, ಸೆರಗು ಮಾತ್ರ ಇಳಿಯಲಿಲ್ಲ.

ಆಗ ನೆನಪಾದವರು ಶೇಷಪ್ಪ ಮಾಸ್ಟ್ರು.

ಅರವತ್ತರ ದಶಕದ ಮಾತು. ಅರಂತೋಡಿನ ಕಡೆಯ ಶಾಲೆಯಲ್ಲಿ ನಾನು ಎಂಟನೇ ಕ್ಲಾಸು. ಗಣಿತ ಕಲಿಸುತ್ತಿದ್ದ ಮಾಸ್ಟ್ರು ನಕ್ಕದ್ದನ್ನು ಕಂಡವರಿರಲಿಲ್ಲ. ತುಟಿ ಬಿಗಿದುಕೊಂಡೇ ಮಾತು. ಅವರು ಬಂದರೆ ಅಂಗಳದ ಕೋಳಿಗಳೂ ಸಾಲಾಗಿ ನಡೆಯುತ್ತವೆ ಎಂದು ನಮ್ಮ ಕ್ಲಾಸಿನ ಹಮೀದ ಹೇಳುತ್ತಿದ್ದ.

ಒಂದು ದಿನ ಆರೋಗ್ಯದ ಪಾಠ ಅವರ ಪಾಲಿಗೆ ಬಂತು.

"ಬೆಳಿಗ್ಗೆ ಹಲ್ಲು ಉಜ್ಜುದು ಯಾರೆಲ್ಲ?"

ಎಲ್ಲರ ಕೈಯೂ ಮೇಲೆ. ಭತ್ತದ ಉಮಿ ಸುಟ್ಟ ಕರಿಯಲ್ಲಿ ಉಜ್ಜುವವರು ನಾವು. ಉಜ್ಜಿದ ಮೇಲೆಯೇ ಬಾಯಿ ಹೆಚ್ಚು ಕಪ್ಪು.

"ರಾತ್ರಿ?"

ಒಂದು ಕೈಯೂ ಏಳಲಿಲ್ಲ.

"ರಾತ್ರಿ ಯಾರು ನೋಡುದು ಸಾರ್?" ಎಂದ ಹಮೀದ.

ಮಾಸ್ಟ್ರು ಗೋಡೆಯ ಕಡೆ ತಿರುಗಿದರು. ಮತ್ತೆ ಇತ್ತ ತಿರುಗಿ, ತಮ್ಮ ಮೇಲಿನ ಹಲ್ಲುಗಳನ್ನು ಇಡಿಯಾಗಿ ಮೇಜಿನ ಮೇಲಿಟ್ಟರು! ಹುಡುಗಿಯರೆಲ್ಲ ಕಿರುಚಿದೆವು. ಮುಂದೆ ತಲೆಯನ್ನೂ ಕಳಚಿಡುತ್ತಾರೋ ಎಂದು ನಾನು ಕಣ್ಣು ಮುಚ್ಚಿದೆ.

"ಫುಮ್ಮನೆ ಕೂತ್ಕೊಳ್ಳಿ!" ಎಂದು ಮಾಸ್ಟ್ರು ಗದರಿದರು.

ಹಮೀದನಿಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟ. ಹಿಂದೆಯೇ ನಾವೆಲ್ಲ. ಇನ್ನು ಬೆತ್ತವೇ ಗತಿ ಎಂದುಕೊಂಡರೆ, ಮಾಸ್ಟ್ರೂ ಬೊಚ್ಚುಬಾಯಿ ಬಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆಮೇಲೆ ಸೆಟ್ಟು ಹಾಕಿಕೊಂಡು ಮೆಲ್ಲಗೆ ಹೇಳಿದರು: "ಸಣ್ಣ ಪ್ರಾಯದಲ್ಲೇ ಹಲ್ಲು ಹಾಳು ಮಾಡಿಕೊಂಡೆ ಮಾರಾಯ್ರೆ. ನಕ್ಕರೆ ಇದು ಬೀಳುದು ಅಂತ ಹೆದರಿಕೆ. ನಗದೆ ನಗದೆ ಜೋರಿನವ ಅಂತ ಹೆಸರು ಬಂತು. ಈಗ ನನ್ನ ಮಗಳಿಗೂ ನನ್ನನ್ನು ಕಂಡ್ರೆ ಹೆದರಿಕೆ ಉಂಟು."



ಅಂದು ರಾತ್ರಿ ಉಂಡೆದ್ದು ಮಾವಿನೆಲೆಯಿಂದ ಹಲ್ಲು ತಿಕ್ಕುತ್ತಿದ್ದ ನನ್ನನ್ನು ಕಂಡು ಅಜ್ಜಿ, "ಎಂತ ಮಗಾ, ಕನಸಲ್ಲಿ ಎಲ್ಲಿಗಾದ್ರೂ ಊಟಕ್ಕೆ ಹೋಗ್ಲಿಕ್ಕುಂಟಾ?" ಎಂದರು. ಮಾಸ್ಟ್ರು ಮಾತ್ರ ಆಮೇಲೆ ತರಗತಿಯಲ್ಲಿ ಆಗಾಗ ನಗತೊಡಗಿದರು, ಮೇಲ್ದುಟಿಗೆ ಒಂದು ಬೆರಳು ಆನಿಸಿಕೊಂಡು. ವರ್ಷದ ಕೊನೆಗೆ ಆ ಬೆರಳೂ ಇಳಿಯಿತು.

ಮೊನ್ನೆ ನನ್ನ ಸರದಿ ಬಂದಾಗ ಡಾಕ್ಟರು ಸೆಟ್ಟು ಕೂರಿಸಿ ಕನ್ನಡಿ ಹಿಡಿದರು. "ಕಟ್ಟಿಸಿದ ಹಲ್ಲು ಅಂತ ಯಾರಿಗೂ ಗೊತ್ತಾಗುದಿಲ್ಲ ಅಮ್ಮ."

"ಗೊತ್ತಾಗ್ಲಿ ಮಾರಾಯ್ರೆ" ಎಂದೆ.

ಮರಳುವಾಗ ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತ ಹೆಂಗಸನ್ನು ನೋಡಿ ನಾನೇ ಮೊದಲು ನಕ್ಕೆ. ಸೆಟ್ಟು ಸ್ವಲ್ಪ ಅಲುಗಾಡಿತು. ಅಲುಗಾಡಲಿ.