ಟವೆಲಿನ ಕೆಳಗಿನ ಚೀಟಿ

ಗೇಣುದ್ದದ ಒಂದು ಚೀಟಿ ಬಚ್ಚಿಟ್ಟದ್ದಕ್ಕೆ ನಾನು ಒಡಹುಟ್ಟಿದ ತಮ್ಮನನ್ನೇ ತೆರಬೇಕಾಗಿತ್ತು. ತಡೆದದ್ದು ಎರಡು ಬೆರಳು. ಸೀಮೆಸುಣ್ಣ ಹಿಡಿದು ಹಿಡಿದು ತುದಿ ಒಡೆದು ಬೆಳ್ಳಗಾಗಿದ್ದ, ಮೆಡಿಕಲ್ ಕಾಲೇಜಿನ ಮೇಷ್ಟ್ರ ಬೆರಳು.

ತೊಂಬತ್ತರ ದಶಕ. ನಾನು ಎತ್ತಿನ ದಲ್ಲಾಳಿ. ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವ ಕಸುಬು ನಮ್ಮದು. ಒಬ್ಬ ಕೇಳಿದ ಬೆಲೆ ಇನ್ನೊಬ್ಬನಿಗೆ ತಿಳಿಯಬಾರದು. ಕ್ಯಾತನಹಳ್ಳಿಯ ಗದ್ದೆಯಲ್ಲಿ ಹುಳಕ್ಕೆ ಔಷಧಿ ಹೊಡೆಯುತ್ತಿದ್ದ ತಮ್ಮ ಬಾಯಲ್ಲಿ ನೊರೆ ಬಂದು ಬಿದ್ದ. ಹತ್ತಿರದ ಆಸ್ಪತ್ರೆಯವರು ಸೂಜಿ ಹಾಕಿ, ಚೀಟಿ ಬರೆದು, ಮೆಡಿಕಲ್ ಕಾಲೇಜಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಬೇರೆ ಕಡೆ ತೋರಿಸಿ ಬಂದೆವೆಂದರೆ ಇಲ್ಲಿ ಅಸಡ್ಡೆ ಮಾಡುತ್ತಾರೆಂದು, ಚೀಟಿಯನ್ನು ಜೇಬಿಗಿಳಿಸಿ ಹೆಗಲ ಟವೆಲನ್ನು ಅದರ ಮೇಲೆ ಎಳೆದುಕೊಂಡೆ.

ಕಿರಿಯ ವೈದ್ಯರು ಆಗಲೇ ಸೂಜಿ ತುಂಬಿಕೊಂಡಿದ್ದರು. ಮೇಷ್ಟ್ರು ಅವರ ಕೈ ತಡೆದು, ತಮ್ಮನ ಅಂಗಿ ಮೂಸಿ, ರೆಪ್ಪೆ ಎತ್ತಿ ನೋಡಿದರು. ವಿಷಕ್ಕೆ ಕಿರಿದಾಗಬೇಕಿದ್ದ ಕಣ್ಣಪಾಪೆ ಅಗಲವಾಗಿತ್ತು, ನಾಲಗೆ ಒಣಗಿತ್ತು. ಆಮೇಲೆ ನನ್ನ ಟವೆಲನ್ನು ನೋಡಿದರು. ಕೆ.ಆರ್. ಪೇಟೆ ಕಡೆಯ ಒಕ್ಕಲು ಮನೆಯವರು, ನಮ್ಮ ಕಸುಬು ಬಲ್ಲವರು.

"ಯಾರೋ ಆಗ್ಲೇ ಸೂಜಿ ಹಾಕವ್ರೆ. ಎಷ್ಟು ಅಂತ ಗೊತ್ತಿಲ್ದೆ ಇನ್ನೊಂದು ಹಾಕುದ್ರೆ ಉಳಿಯಾಕಿಲ್ಲ. ಇದು ಎತ್ತಿನ ಯಾಪಾರ ಅಲ್ಲ ಕಣ್ಲಾ. ಟವಲ್ ತೆಗಿ."

ಟವೆಲು ಸರಿಸಿ ಚೀಟಿ ಕೊಟ್ಟೆ. ಅದರಲ್ಲಿದ್ದ ಲೆಕ್ಕ ನೋಡಿಕೊಂಡು ಮದ್ದು ಮಾಡಿದರು. ನಾಲ್ಕನೇ ದಿನ ತಮ್ಮ ಎದ್ದು ಕೂತು ಮುದ್ದೆ ಕೇಳಿದ.

ಮನೆಗೆ ಕಳಿಸುವ ದಿನ ಬೈಸಿಕೊಳ್ಳಲು ತಯಾರಾಗಿಯೇ ಹೋದೆ. ಮೇಷ್ಟ್ರು ತಮ್ಮನ್ನು ತಾವೇ ಬೈದುಕೊಂಡರು. ಇಪ್ಪತ್ತೈದು ವರ್ಷ ಹುಡುಗರಿಗೆ ರೋಗ ಕಲಿಸಿದೆ, ರೋಗಿ ಯಾವ ಬಾಗಿಲು ದಾಟಿ ಬಂದ ಎಂದು ಕೇಳುವುದನ್ನು ಕಲಿಸಲಿಲ್ಲ. ಸಣ್ಣ ಆಸ್ಪತ್ರೆಯ ಚೀಟಿಯನ್ನು ದೊಡ್ಡವರು ಓದುವುದಿಲ್ಲ, ನೀನು ಮುಚ್ಚಿಟ್ಟದ್ದೂ ಅದಕ್ಕೇ, ಎಂದರು. ನಾಲ್ಕು ತಾಲ್ಲೂಕಿನ ಆಸ್ಪತ್ರೆಗಳೂ ಕಾಲೇಜೂ ಒಂದೇ ನಮೂನೆಯ ಚೀಟಿ ಬರೆಯಬೇಕು, ಒಬ್ಬರದನ್ನೊಬ್ಬರು ಓದಬೇಕು ಎಂಬುದು ಅವರ ಆಸೆ. ಆಮೇಲೆ ನನ್ನನ್ನೇ ಕೇಳಿದರು:

"ಮುನಿಸ್ಕೊಂಡಿರೋ ಇಬ್ರನ್ನ ಯಾಪಾರಕ್ಕೆ ಎಂಗ್ಲಾ ಕೂರುಸ್ತೀಯ?"

"ದೊಡ್ಡೋರು ಮೊದ್ಲು ಸಣ್ಣೋರ ಜಗಲಿಗೆ ಓಗ್ಬೇಕು ಸಾ."

ಬಾಯಿಗೆ ಬಂದದ್ದು ಹೇಳಿದ್ದೆ. ಅವರು ನಿಜಕ್ಕೂ ಹೋದರು. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ, ಎಲ್ಲಕ್ಕೂ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಸ್ಸಿನಲ್ಲೇ. ಪಾಂಡವಪುರದಲ್ಲಿ ನಾನೇ ಕಣ್ಣಾರೆ ಕಂಡೆ. ರೋಗಿಗಳ ಬೆಂಚಿನಲ್ಲಿ ಸರದಿ ಕಾದು, ಶಿಷ್ಯನ ವಯಸ್ಸಿನ ವೈದ್ಯನ ಮುಂದೆ ನಿಂತು, ನಮ್ಮ ಹುಡುಗರಿಗೆ ಏನು ಕಲಿಸಿದರೆ ನಿಮಗೆ ಅನುಕೂಲ ಎಂದು ಕೇಳಿ ಬರೆದುಕೊಂಡರು. ಸಾವಿರ ವ್ಯಾಪಾರ ಕುದುರಿಸಿದವನು ನಾನು. ಅಷ್ಟು ಎತ್ತರದವರು ಅಷ್ಟು ತಗ್ಗಿದ್ದನ್ನು ಮತ್ತೆಲ್ಲೂ ಕಂಡಿಲ್ಲ.

ಎರಡು ಕಡೆ ಒಪ್ಪಿದರು. ಇನ್ನೆರಡು ಕಡೆ, ಮೇಲಿನಿಂದ ಆದೇಶ ಬರಲಿ ಎಂದರು. ಅದು ಬರುವ ಮೊದಲೇ ಮೇಷ್ಟ್ರು ತೀರಿಕೊಂಡರು. ಅವರನ್ನು ಮಣ್ಣು ಮಾಡುವ ದಿನ ನನ್ನ ತಮ್ಮ ಹೋಗಿ ಅವರ ಬೆರಳು ಮುಟ್ಟಿ ಬಂದ.

ಆದ್ದರಿಂದ ಹೇಳುತ್ತೇನೆ, ಕೇಳಿ. ಎತ್ತು ಕೊಳ್ಳುವಾಗ ಬೆಲೆ ಮುಚ್ಚಿಡಿ, ತಪ್ಪಿಲ್ಲ. ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗುವಾಗ ಮಾತ್ರ ಚೀಟಿ ಕೈಯಲ್ಲೇ ಇರಲಿ. ಕೇಳದಿದ್ದರೂ ಕೊಡಿ. ಓದದೆ ಪಕ್ಕಕ್ಕಿಟ್ಟರೆ, ಓದುವ ತನಕ ಅಲ್ಲಿಂದ ಕದಲಬೇಡಿ.